ಸಹಾಯ ಬೇಕು: ಔಷಧಿ ಕೌಂಟರ್‌ನಿಂದ ವಾರ್ಡಿಗೆ ಹೋಗುವ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೇನೆ. ಔಷಧಿ ಕೊಡುವುದು, ಸ್ಟಾಕ್ ನೋಡುವುದು ಎಲ್ಲಾ ರೂಢಿಯಾಗಿದೆ. ಆದರೆ ಮನಸ್ಸೆಲ್ಲಾ ಕ್ಲಿನಿಕಲ್ ಕೆಲಸದ ಮೇಲೆ, ಅಂದರೆ ವಾರ್ಡಿನಲ್ಲಿ ಡಾಕ್ಟರರ ಜೊತೆ ರೋಗಿಗಳ ಔಷಧಿ ನೋಡಿಕೊಳ್ಳುವುದರ ಮೇಲೆ.

ಮೊನ್ನೆ ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್‌ನ ಚೀಟಿಯೊಂದು ಬಂತು. ರೋಗಿಯ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚಾಗುವ ಅಂಶ) ಏರುತ್ತಿತ್ತು, ಡೋಸ್ ಮಾತ್ರ ಹಳೆಯದೇ. ಕಿಡ್ನಿಯ ಮೂಲಕ ಹೊರಹೋಗುವ ಔಷಧಿ ಅದು, ಮೈಯಲ್ಲಿ ಜಾಸ್ತಿ ಉಳಿದರೆ ಕಿಡ್ನಿಗೇ ಪೆಟ್ಟು. ಡಾಕ್ಟರಿಗೆ ಫೋನ್ ಮಾಡಿದೆ. ರಕ್ತದಲ್ಲಿ ಔಷಧಿಯ ಮಟ್ಟ ನೋಡಿ, ಎರಡು ಡೋಸ್‌ಗಳ ನಡುವಿನ ಅಂತರ ಹೆಚ್ಚಿಸಿದರು. ದಿನವೂ ಇಂಥ ಕೆಲಸವೇ ಸಿಗಬೇಕು ಅನ್ನಿಸುತ್ತದೆ.

ಮುಂದೆ ಎರಡು ದಾರಿ ಕಾಣುತ್ತಿವೆ. ಒಂದು, ಅಮೆರಿಕದ ಮಾದರಿಯ ರೆಸಿಡೆನ್ಸಿ. ಮೊದಲ ವರ್ಷ ಬೇರೆ ಬೇರೆ ವಿಭಾಗಗಳಲ್ಲಿ ತರಬೇತಿ, ಎರಡನೇ ವರ್ಷ ಒಂದೇ ವಿಷಯ. ಇನ್ನೊಂದು, ಕೆಲಸ ಮಾಡುತ್ತಲೇ ಓದಿ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ ಪರೀಕ್ಷೆ ಬರೆಯುವುದು. ಫಾರ್ಮಸಿಸ್ಟರಿಗೆ ಪರಿಣತಿಯ ಸರ್ಟಿಫಿಕೇಟ್ ಕೊಡುವ, 1976ರಲ್ಲಿ ಶುರುವಾದ ಅಮೆರಿಕದ ಸಂಸ್ಥೆ ಅದು. ಸರ್ಟಿಫಿಕೇಟನ್ನು 7 ವರ್ಷಕ್ಕೊಮ್ಮೆ ನವೀಕರಿಸಬೇಕು. ಪರೀಕ್ಷೆಗೆ ಓದಿದರೆ ಜ್ಞಾನ ಬರುತ್ತದೆ, ನಿಜ. ಆದರೆ ರೌಂಡ್ಸ್‌ನಲ್ಲಿ ಹಿರಿಯರ ಪಕ್ಕ ನಿಂತು ಕಲಿತಂತೆ ಆಗುವುದಿಲ್ಲ ಅಲ್ವಾ?

ಐಸಿಯು, ಕ್ಯಾನ್ಸರ್ ಔಷಧಿ, ಆಂಟಿಬಯೋಟಿಕ್ ಬಳಕೆಯ ಉಸ್ತುವಾರಿ, ಈ ಮೂರರಲ್ಲಿ ನನಗೆ ಕೊನೆಯದೇ ಇಷ್ಟ. ಅದರಲ್ಲಿರುವವರು ದಯವಿಟ್ಟು ಹೇಳಿ: ಮೊದಲು ಜನರಲ್ ವಾರ್ಡಿನಲ್ಲಿ ಪಳಗಬೇಕೇ, ನೇರವಾಗಿ ಸೇರಬಹುದೇ? ಮೈಕ್ರೋಬಯಾಲಜಿ ಎಷ್ಟು ಆಳವಾಗಿ ಗೊತ್ತಿರಬೇಕು? ರೌಂಡ್ಸ್‌ಗೆ ಬರುತ್ತೇನೆಂದು ನಿಮ್ಮ ಮುಖ್ಯಸ್ಥರನ್ನು ಹೇಗೆ ಒಪ್ಪಿಸಿದಿರಿ? ಈ ಕೊನೆಯ ಪ್ರಶ್ನೆಗೆ ಚಿಕ್ಕ ಉತ್ತರ ಸಿಕ್ಕರೂ ನನಗೆ ದೊಡ್ಡ ಉಪಕಾರ.