ಕೆರೆಗಳ ಸರಣಿಗೆ ಆಂಟಾಲಜಿ ಕಟ್ಟಲು ಪ್ರೊಟೇಜೆ ಸಾಕೇ?

ಪ್ರಶ್ನೆ (ಕೋಲಾರದಿಂದ)
ಕೋಲಾರ ತಾಲ್ಲೂಕಿನ ಕೆರೆಗಳ ವಿವರಗಳನ್ನು ನಮ್ಮ ಗುಂಪು ಸ್ಪ್ರೆಡ್‌ಶೀಟ್‌ನಲ್ಲಿ ಕಲೆಹಾಕುತ್ತಿದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲಕ್ಕೂ ಕಾಲಂಗಳಿವೆ. ಆದರೆ ಒಂದು ಕೆರೆಯ ಕೋಡಿ ನೀರು ಯಾವ ಕೆರೆಗೆ ಹೋಗಿ, ಅಲ್ಲಿಂದ ಮುಂದೆ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಸಾಲುಗಳಲ್ಲಿ ಹಿಡಿಯಲು ಆಗುತ್ತಿಲ್ಲ. ಮೇಲಿನ ರಾಜಕಾಲುವೆ ಒತ್ತುವರಿಯಾದರೆ ಕೆಳಗಿನ ಯಾವ ಯಾವ ಕೆರೆಗಳಿಗೆ ನೀರು ತಪ್ಪುತ್ತದೆ ಎಂದು ಕೇಳಿದಾಗ ಉತ್ತರ ಸಿಗಬೇಕು. ಆಂಟಾಲಜಿ (ವಸ್ತುಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಬರೆದ ಮಾದರಿ) ಕಟ್ಟುವ ಪ್ರೊಟೇಜೆ ತಂತ್ರಾಂಶದಲ್ಲಿ ಇದು ಸಾಧ್ಯವೇ? ಹೆಸರುಗಳು ಕನ್ನಡದಲ್ಲೇ ಇರಬಹುದೇ?

ಉತ್ತರ 1
ಖಂಡಿತ ಸಾಧ್ಯ ಸರ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ತಂತ್ರಾಂಶ ಉಚಿತ ಮತ್ತು ಮುಕ್ತ. ನೀವು ಮುಖ್ಯವಾಗಿ ಎರಡು ಸಂಬಂಧಗಳನ್ನು ಬೇರೆಯಾಗಿ ಇಡಬೇಕು: ‘ಕೋಡಿ ಸೇರುವ ಕೆರೆ’ ಎಂಬುದು ನೇರ ಸಂಬಂಧ, ‘ಕೆಳಗಿನ ಕೆರೆ’ ಎಂಬುದು ಅದನ್ನೂ ಒಳಗೊಳ್ಳುವ ಮೇಲಿನ ಪ್ರಾಪರ್ಟಿ (ಸಂಬಂಧ). ಎರಡನೆಯದನ್ನು ಮಾತ್ರ ಟ್ರಾನ್ಸಿಟಿವ್ (ಒಂದರಿಂದ ಇನ್ನೊಂದಕ್ಕೆ ಮುಂದುವರಿಯುವಂಥದ್ದು) ಎಂದು ಗುರುತಿಸಿದರೆ, ನೀವು ನೇರ ಸಂಬಂಧಗಳನ್ನಷ್ಟೇ ತುಂಬಿದರೂ ಹರ್ಮಿಟ್‌ನಂಥ ರೀಸನರ್ (ಕೊಟ್ಟ ಮಾಹಿತಿಯಿಂದ ಹೊಸ ತೀರ್ಮಾನ ತೆಗೆಯುವ ತಂತ್ರಾಂಶ) ಇಡೀ ಸರಣಿಯನ್ನು ತಾನೇ ಕಂಡುಕೊಳ್ಳುತ್ತದೆ. ಎರಡು ಕೋಡಿಗಳಿರುವ ಕೆರೆಗಳೂ ಇರುವುದರಿಂದ ನೇರ ಸಂಬಂಧವನ್ನು ಫಂಕ್ಷನಲ್ (ಒಂದಕ್ಕೆ ಒಂದೇ ಗುರಿ ಇರುವಂಥದ್ದು) ಎಂದು ಗುರುತಿಸಬೇಡಿ. ಗುರುತಿಸಿದರೆ ಕೆಳಗಿನ ಎರಡು ಕೆರೆಗಳೂ ಒಂದೇ ಎಂದು ರೀಸನರ್ ತೀರ್ಮಾನಿಸಬಹುದು.

ಕನ್ನಡದ ಹೆಸರುಗಳನ್ನು ‘ಕೆಎನ್’ ಭಾಷಾಸೂಚಿಯೊಡನೆ ಲೇಬಲ್‌ಗಳಾಗಿ ಕೊಡಿ, ಗುರುತಿಗೆ ಸಂಖ್ಯೆಯನ್ನು ಬಳಸಿ. ದೊಡ್ಡಕೆರೆ ಎಂಬ ಹೆಸರು ಹಲವು ಊರುಗಳಲ್ಲಿ ಇರುವ ನಮ್ಮ ಸೀಮೆಯಲ್ಲಿ ಇದು ಅತ್ಯಗತ್ಯ.

ಉತ್ತರ 2 (ಚಿಕ್ಕಬಳ್ಳಾಪುರದಿಂದ)
ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಪ್ರೊಟೇಜೆ ಬಳಸುವ ಆಂಟಾಲಜಿ ಭಾಷೆ ಓಡಬ್ಲ್ಯುಎಲ್ ಮುಕ್ತ ಲೋಕದ ತರ್ಕವನ್ನು ಅನುಸರಿಸುತ್ತದೆ. ತೂಬನ್ನು ದಾಖಲಿಸದೇ ಹೋದರೆ ತೂಬು ಇಲ್ಲವೆಂದು ಅದು ಭಾವಿಸುವುದಿಲ್ಲ, ಗೊತ್ತಿಲ್ಲವೆಂದಷ್ಟೇ ತಿಳಿಯುತ್ತದೆ. ಹಾಗಾಗಿ ಬಿಟ್ಟುಹೋದ ಮಾಹಿತಿಯನ್ನು ರೀಸನರ್ ತಪ್ಪೆಂದು ತೋರಿಸುವುದಿಲ್ಲ. ಆ ತಪಾಸಣೆಗೆ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2017ರಲ್ಲಿ ಮಾನ್ಯ ಮಾಡಿದ, ಮಾಹಿತಿ ತಪಾಸಣೆಯ ಭಾಷೆಯಾದ ಶಾಕಲ್‌ನಲ್ಲಿ ನಿಯಮಗಳನ್ನು ಬರೆಯಿರಿ. ಪ್ರೊಟೇಜೆಗೆ ಅದರ ಪ್ಲಗಿನ್ ಇದೆ.

ಉತ್ತರ 3 (ತುಮಕೂರಿನಿಂದ)
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸರಣಿಯ ಪ್ರಶ್ನೆಯೊಂದೇ ಇದ್ದರೆ ರೀಸನರ್ ಬೇಕಿಲ್ಲ, ಸ್ಪಾರ್ಕಲ್ 1.1 ಎಂಬ ಪ್ರಶ್ನಾಭಾಷೆಯಲ್ಲಿ ಸಂಬಂಧದ ಹೆಸರಿನ ನಂತರ ಕೂಡಿಸುವ ಚಿಹ್ನೆಯೊಂದನ್ನು (+) ಹಾಕಿದರೆ ಅದು ಕೊನೆಯ ಕೆರೆಯವರೆಗೂ ಹುಡುಕುತ್ತದೆ. ಹಲವರು ಒಟ್ಟಿಗೆ ತಿದ್ದುವುದಾದರೆ ಬ್ರೌಸರ್‌ನಲ್ಲೇ ನಡೆಯುವ ವೆಬ್‌ಪ್ರೊಟೇಜೆ ಅನುಕೂಲಕರ. ಹೊಲ ಸುತ್ತಿ ಮಾಹಿತಿ ತರುವವರು ಮಾತ್ರ ಸ್ಪ್ರೆಡ್‌ಶೀಟ್‌ನಲ್ಲೇ ತುಂಬಲಿ. ಅದರ ಸಾಲುಗಳನ್ನು ರೋಬಾಟ್ ಎಂಬ ಕಮಾಂಡ್‌ಲೈನ್ ಸಾಧನದ ಟೆಂಪ್ಲೇಟ್ ಮೂಲಕ ಆಂಟಾಲಜಿಗೆ ಇಳಿಸಬಹುದು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಮೊದಲು ಒಂದೇ ಸರಣಿಯ ಕೆರೆಗಳನ್ನು ನೇರ ಸಂಬಂಧಗಳೊಡನೆ ತುಂಬಿ, ಊರಿನ ನೀರಗಂಟಿಗಳು ಹೇಳುವ ಹರಿವಿನೊಡನೆ ಫಲಿತಾಂಶವನ್ನು ಹೋಲಿಸಿ ನೋಡುತ್ತೇವೆ.