ಹೆಸರು ನನ್ನದು, ಕೆಲಸ ಅವರದು: ಈ ಟೆಂಡರ್‌ಗೆ ಸಹಿ ಹಾಕಲೇ?

ಮದ್ದೂರಿನವನು:
ನಾನು ಪರಿಶಿಷ್ಟ ಜಾತಿಯವನು. ಗುತ್ತಿಗೆದಾರನ ಪರವಾನಗಿ ಪಡೆದು ಎರಡು ವರ್ಷವಾಯಿತು. ಮಾಡಿದ್ದು ಒಂದೇ ಚರಂಡಿ ಕೆಲಸ. ಮೊನ್ನೆ ದೊಡ್ಡ ಗುತ್ತಿಗೆದಾರರೊಬ್ಬರು ಮನೆಗೇ ಬಂದು ಕಾಫಿ ಕುಡಿದರು (ನಮ್ಮ ಮನೆಯ ಲೋಟ ಅವರು ಮುಟ್ಟಿದ್ದು ಇದೇ ಮೊದಲು). ‘ಮೀಸಲು ಟೆಂಡರ್ ನಿನ್ನ ಹೆಸರಿನಲ್ಲಿ ಹಾಕೋಣ. ಠೇವಣಿ ನನ್ನದು, ನೂರಕ್ಕೆ ಎರಡು ನಿನಗೆ’ ಎಂದರು. ಅಪ್ಪ ಒಪ್ಪಿಕೋ ಎನ್ನುತ್ತಾರೆ. ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ಮೈಸೂರಿನ ನಿವೃತ್ತ ಲೆಕ್ಕಿಗ:
ಬೇಡ ತಮ್ಮಾ. ಕಾಮಗಾರಿ ಕಳಪೆಯಾದರೆ ಕಪ್ಪುಪಟ್ಟಿಗೆ ಸೇರುವುದು ನಿನ್ನ ಹೆಸರು. ತೆರಿಗೆ ನೋಟಿಸೂ ನಿನ್ನ ಬಾಗಿಲಿಗೇ. ನಮ್ಮ ರಾಜ್ಯದ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲಿಟ್ಟದ್ದು, ಮೀಸಲು ಕಾಮಗಾರಿಯ ಮೊತ್ತಕ್ಕಿದ್ದ 50 ಲಕ್ಷ ರೂಪಾಯಿಯ ಮಿತಿಯನ್ನು ಆಮೇಲೆ 1 ಕೋಟಿಗೆ ಏರಿಸಿದ್ದು ಆ ದೊಡ್ಡ ಗುತ್ತಿಗೆದಾರರ ಅನುಕೂಲಕ್ಕಲ್ಲ.

ಜೋಹಾನ್ಸ್‌ಬರ್ಗ್‌ನಿಂದ ಮರಳಿದವಳು:
ದಕ್ಷಿಣ ಆಫ್ರಿಕಾದಲ್ಲೂ ಇದೇ ಆಟ. ವರ್ಣಭೇದದಿಂದ ಹೊರಗುಳಿದ ಕಪ್ಪು ಜನರಿಗೆ ಕಂಪನಿಗಳ ಮಾಲೀಕತ್ವ, ಖರೀದಿಗಳಲ್ಲಿ ಪಾಲು ಸಿಗಲೆಂದು 2003ರಲ್ಲಿ ಕಾಯ್ದೆ ತಂದರು. ಭಾರತೀಯ ಮೂಲದ ಪ್ರಜೆಗಳೂ ಅದರ ಲೆಕ್ಕದಲ್ಲಿ ಕಪ್ಪು ಜನರೇ! ಅಂಥ ಪಾಲು ಕೊಟ್ಟ ಕಂಪನಿಗೆ ಕಾಯ್ದೆಯಡಿ ಅಂಕ ಸಿಗುತ್ತದೆ; ಕೆಲವು ಕಂಪನಿಗಳು ಆ ಅಂಕ ಗಳಿಸಲು ಕೆಲಸದಾಳುಗಳನ್ನೇ ಕಾಗದದ ಮೇಲೆ ನಿರ್ದೇಶಕರನ್ನಾಗಿಸಿದವು. ಅದಕ್ಕೆ ‘ಫ್ರಂಟಿಂಗ್’ ಎನ್ನುತ್ತಾರೆ. 2013ರ ತಿದ್ದುಪಡಿ ಅದನ್ನು ಅಪರಾಧವೆಂದಿತು. 10 ವರ್ಷದವರೆಗೆ ಜೈಲು. ಕಾಯ್ದೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಬಂಡವಾಳವಿಲ್ಲದವನಿಗೆ ಬರೀ ಮೀಸಲು ಕೊಟ್ಟರೆ ಬಂಡವಾಳವಿದ್ದವನು ಮನೆ ಹುಡುಕಿಕೊಂಡು ಬರುತ್ತಾನೆ, ಅಷ್ಟೆ.

ಮದ್ದೂರಿನವನು:
ಅಪ್ಪನಿಗೆ ಓದಿ ಹೇಳಿದೆ. ಜೈಲು ಎಂದದ್ದಷ್ಟೇ ಕಿವಿಗೆ ಬಿತ್ತು. ಸೋಮವಾರ ಠೇವಣಿಯ ಸಾಲ ಕೇಳಲು ಬ್ಯಾಂಕಿಗೆ ಹೋಗುತ್ತಿದ್ದೇನೆ.