ಹಳೆ ಕಂಪ್ಯೂಟರಿನ ಕೆಪಾಸಿಟರ್ ಬಿಚ್ಚುವುದು: ಹುಬ್ಬಳ್ಳಿ ಟೆಕ್ನೀಶಿಯನ್‌ಗೆ ನಿಮ್ಮ ಪ್ರಶ್ನೆಗಳು

ಧಾರವಾಡದ ಮೇಷ್ಟ್ರು: ನಮಸ್ಕಾರ ಸರ್. ನಮ್ಮ ಶಾಲೆಯಲ್ಲಿ ಹಳೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಸಿಕ್ಕಿದೆ. 1984ರ ಹೊತ್ತಿನ ಕ್ಲಾಸ್ ಯೋಜನೆಯದು, ಶಾಲೆಗಳಿಗೆ ಸರ್ಕಾರ ಕಂಪ್ಯೂಟರ್ ಕೊಟ್ಟ ಯೋಜನೆ. ನಿನ್ನೆ ಆನ್ ಮಾಡಿದೆ. ಐದೇ ನಿಮಿಷಕ್ಕೆ ಬಿಳಿ ಹೊಗೆ, ಕೆಟ್ಟ ವಾಸನೆ. ಪ್ಲಗ್ ಕಿತ್ತೆ. ಈಗ ಪವರ್ ಸಪ್ಲೈ ಬಿಚ್ಚಲಾ?

ಟೆಕ್ನೀಶಿಯನ್: ಸ್ವಲ್ಪ ತಡೆಯಿರಿ ಸರ್. ಹೊಗೆ ಹೆಚ್ಚಾಗಿ ರಿಫಾ ಕಂಪನಿಯ ಕೆಪಾಸಿಟರಿನದು. ಕೆಪಾಸಿಟರ್ ಅಂದರೆ ಚಾರ್ಜ್ ಹಿಡಿದಿಡುವ ಬಿಡಿಭಾಗ. ಈ ರಿಫಾ ಕರೆಂಟ್ ಒಳಗೆ ಬರುವ ಕಡೆ ಇರುತ್ತದೆ, ಹಳದಿ ಕವಚ. ಅದು ಬಿರುಕು ಬಿಟ್ಟರೆ ಒಳಗಿನ ಕಾಗದ ತೇವ ಹೀರುತ್ತದೆ, ಕರೆಂಟ್ ಕೊಟ್ಟಾಗ ಸುಡುತ್ತದೆ. ಬೋರ್ಡ್ ಚೆನ್ನಾಗಿಯೇ ಇರಬಹುದು, ಎದೆಗುಂದಬೇಡಿ. ನನಗೆ ಭಯ ಇರುವುದು ಹತ್ತಿರದ ದೊಡ್ಡ ಕೆಪಾಸಿಟರಿನದು. ನಮ್ಮ 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ನೀವು ನಿನ್ನೆಯಷ್ಟೇ ಆನ್ ಮಾಡಿದ್ದೀರಿ! ಬಿಚ್ಚಿದ ತಕ್ಷಣ ಕೈ ಹಾಕಬೇಡಿ. ಮೊದಲು ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟ್ ನೋಡಿ. ಇದ್ದರೆ 2.2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ವೈರ್ ಹಾಕಿ, ಆ ದೊಡ್ಡ ಕೆಪಾಸಿಟರಿನ ಎರಡೂ ಕಾಲಿಗೆ ಹತ್ತು ಸೆಕೆಂಡ್ ಹಿಡಿಯಿರಿ. ಮತ್ತೆ ಮೀಟರ್ ಇಡಿ. ಸೊನ್ನೆ ಹತ್ತಿರ ಬಂದ ಮೇಲೆ ರಿಫಾ ಬಿಚ್ಚಿ. ಹೊಸದು ಅದೇ ಮೈಕ್ರೋಫ್ಯಾರಡ್ ಅಂಕಿಯ, ಎಕ್ಸ್2 ಎಂಬ ಸುರಕ್ಷತಾ ದರ್ಜೆಯದೇ ಇರಬೇಕು. ಸಾಧಾರಣ ಕೆಪಾಸಿಟರ್ ಅಲ್ಲಿ ಹಾಕಬೇಡಿ. ಕೈ ನಡುಗಿದರೆ ಅಂಗಡಿಗೆ ತನ್ನಿ, ನಾನೇ ಮಾಡುತ್ತೇನೆ.

ಹಾವೇರಿ ಸದಸ್ಯ: ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿದರೆ ಸಾಕು ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಟೆಕ್ನೀಶಿಯನ್: ಬೇಡ. ಕಿಡಿ ಹಾರಿ ಲೋಹ ಕಣ್ಣಿಗೆ ಸಿಡಿಯುತ್ತದೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಗದಗದ ಹುಡುಗ: ಅಣ್ಣಾ, ಆಪಲ್‌ನ ಹಳೆ ಮ್ಯಾಕಿಂಟೋಷ್ ಕ್ಲಾಸಿಕ್ ಕಂಪ್ಯೂಟರ್ ಬೋರ್ಡಿನ ಸಣ್ಣ ಕೆಪಾಸಿಟರ್ ಬಿಸಿ ಮಾಡಿದರೆ ಮೀನಿನ ವಾಸನೆ. ಗದಗದಲ್ಲಿ ಡೀಸೋಲ್ಡರಿಂಗ್ ವಿಕ್ (ಕರಗಿದ ಬೆಸುಗೆ ಹೀರುವ ತಾಮ್ರದ ಹೆಣಿಗೆ) ಎಲ್ಲಿ ಸಿಗುತ್ತದೆ?

ಟೆಕ್ನೀಶಿಯನ್: ಒಳಗಿನ ದ್ರವ ಸೋರಿದೆ ತಮ್ಮಾ. ಕಿಟಕಿ ತೆರೆ. ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವುದು) ಹಚ್ಚು, ಎರಡೂ ಕಾಲಿಗೆ ಹೊಸ ಸೀಸದ ಸೋಲ್ಡರ್ ಹಾಕು, ಎರಡು ಐರನ್‌ನಿಂದ ಒಟ್ಟಿಗೆ ಕಾಯಿಸಿ ಎತ್ತು. ಆಮೇಲೆ ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆ.

ನವನಗರದ ಸದಸ್ಯ: ಅಷ್ಟೆಲ್ಲ ಯಾಕೆ? ಇಕ್ಕಳದಲ್ಲಿ ಹಿಡಿದು ತಿರುಚಿದರೆ ಬರುತ್ತದೆ. ನಾನು ಎಷ್ಟೋ ಕಿತ್ತಿದ್ದೇನೆ.

ವಿದ್ಯಾನಗರದ ಸದಸ್ಯೆ: ನನ್ನ ಬೋರ್ಡಿನಲ್ಲಿ ಹಾಗೆ ತಿರುಚಿಯೇ ಎರಡು ಪ್ಯಾಡ್ (ಕಾಲು ಬೆಸೆಯುವ ತಾಮ್ರದ ತುಂಡು) ಕಿತ್ತು ಬಂದವು. ಸುಮ್ನೆ ಹೇಳಿಕೊಡಬೇಡಿ.

ನವನಗರದ ಸದಸ್ಯ: ನಿಮ್ಮ ಕೈ ಸರಿ ಇಲ್ಲ ಅಂದರೆ ನಾನೇನು ಮಾಡಲಿ?

ವಿದ್ಯಾನಗರದ ಸದಸ್ಯೆ: ಮಾತು ಸರಿಯಾಗಿ ಆಡ್ರಿ.

ಟೆಕ್ನೀಶಿಯನ್: ಸೋರಿದ ದ್ರವ ಪ್ಯಾಡಿನ ಅಂಟು ಸಡಿಲ ಮಾಡಿರುತ್ತದೆ. ತಿರುಚಬೇಡಿ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಹಾವೇರಿ ಸದಸ್ಯ: ಕೆಪಾಸಿಟರ್ ಮೇಲೆ ಪಟ್ಟಿ ಇರುವ ಕಡೆ ಮೈನಸ್ ಅಲ್ವಾ?

ಟೆಕ್ನೀಶಿಯನ್: ಅಲ್ಯುಮಿನಿಯಂ ಡಬ್ಬಿಯದಾದರೆ ಮೈನಸ್. ಟ್ಯಾಂಟಲಮ್ ಲೋಹದ ಕೆಪಾಸಿಟರ್‌ನಲ್ಲಿ ಪ್ಲಸ್. ತಪ್ಪಿದರೆ ಹೊತ್ತಿಕೊಳ್ಳುತ್ತದೆ.

ಬೆಟಗೇರಿ ಸದಸ್ಯ: ಸ್ಕ್ರೂಡ್ರೈವರ್ ಹಿಡಿಕೆ ಪ್ಲಾಸ್ಟಿಕ್ ಇದ್ದರೆ ಶಾರ್ಟ್ ಮಾಡಬಹುದಾ?

ಟೆಕ್ನೀಶಿಯನ್: ಮೇಲೆ ಓದಿ.

ಗದಗದ ಹುಡುಗ: ವಿಕ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೆ.

ಧಾರವಾಡದ ಮೇಷ್ಟ್ರು: ಸರ್, ಮೀಟರ್ 48 ವೋಲ್ಟ್ ತೋರಿಸುತ್ತಿದೆ.

ಟೆಕ್ನೀಶಿಯನ್: ಮುಟ್ಟಬೇಡಿ. ರೆಸಿಸ್ಟರ್ ಹಿಡಿದು ಮತ್ತೆ ನೋಡಿ. ನಾನು ಇಲ್ಲೇ ಇದ್ದೇನೆ.